ಬಂದೂಕಿಗೆ ಬಣ್ಣ ಹಚ್ಚೋಕೆ ದುಡ್ಡು ಕೊಡ್ಬೇಕಾ?

ಹೋದ ಸಂಚಿಕೇಲಿ ಆನ್‌ಲೈನ್ ಗೇಮ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳಿ ಅಂತ ಕೊನೇಲಿ ಒಂದು ಸಾಲು ಹಾಕಿದ್ದೆ. ಬಂದಿರೋದ್ರಲ್ಲಿ ಮುಕ್ಕಾಲು ಪಾಲು ಸ್ಕಿನ್ (ಗನ್ನು, ಪಾತ್ರದ ಮೇಲಿನ ಅಲಂಕಾರ) ವಿಷ್ಯನೇ. ಆಟ ಫ್ರೀ, ಆದ್ರೆ ಗನ್ ಮೇಲಿನ ಬಣ್ಣ, ಮೈಮೇಲಿನ ಡ್ರೆಸ್ಸು, ಗೆದ್ದಾಗ ಕುಣಿಯೋ ಡ್ಯಾನ್ಸು ಎಲ್ಲಕ್ಕೂ ದುಡ್ಡು, ಇದು ವರ್ತಾ ಇಲ್ವಾ ಅಂತ. ಹೆಸರು ಹಾಕ್ಬೇಡಿ ಅಂದೋರೇ ಜಾಸ್ತಿ, ಮನೇಲಿ ಓದ್ತಾರಂತೆ, ಅದಕ್ಕೆ ಎಲ್ರದ್ದೂ ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ಅಣ್ಣಾ, ನಾನು ಬಿಕಾಂ ಫೈನಲ್ ಇಯರ್. ಬಿಜಿಎಂಐ (ಪಬ್‌ಜಿಯ ಇಂಡಿಯಾ ಆವೃತ್ತಿ) ಶುರುವಾದಾಗಿಂದ ಆಡ್ತಿದೀನಿ, ಇವತ್ತಿನವರೆಗೂ ಒಂದ್ ರೂಪಾಯಿ ಹಾಕಿಲ್ಲ. ನಮ್ ಸ್ಕ್ವಾಡಲ್ಲಿ ಉಳಿದ ಮೂರೂ ಜನದ ಹತ್ರ ಎಂ416 ಗನ್ನಿನ ಗ್ಲೇಸಿಯರ್ ಸ್ಕಿನ್ ಇದೆ, ಆಟ ಶುರುವಾಗೋ ಮುಂಚೆ ಲಾಬೀಲಿ ನಿಂತ್ರೆ ನಾನೊಬ್ನೇ ಬನಿಯನ್ನಲ್ಲಿ ಬಂದಿರೋನ್ ಥರ ಕಾಣ್ತೀನಿ. ಪಾರ್ಟ್ ಟೈಮ್ ಕೆಲ್ಸದ ದುಡ್ಡು ಸ್ವಲ್ಪ ಕೂಡಿಟ್ಟಿದೀನಿ. ಒಂದೆರಡ್ ಮೂರ್ ಸಾವಿರ ಹಾಕ್ಲಾ? (ದಾವಣಗೆರೆ)

ಉತ್ತರ: ತಮ್ಮಾ, ದುಡಿದಿರೋನು ನೀನು, ಹಾಕ್ಬೇಡ ಅನ್ನೋಕೆ ನಾನ್ಯಾರು. ಆದ್ರೆ ಎರಡ್ ಮೂರ್ ಸಾವಿರ ಹಾಕಿದ್ರೆ ಗ್ಲೇಸಿಯರ್ ಸಿಗುತ್ತೆ ಅಂತ ನಿನ್ ತಲೇಲಿ ತುಂಬಿದ್ಯಾರು ಹೇಳು? ಅದಕ್ಕೆ ರೇಟೇ ಇಲ್ಲ ಕಣೋ. ಅದು ಕ್ರೇಟಲ್ಲಿ (ಒಳಗೇನಿದೆ ಅಂತ ತೆಗೆಯೋವರೆಗೂ ಗೊತ್ತಾಗದ ಪೆಟ್ಟಿಗೆ) ಬರೋ ಮಾಲು, ಒಬ್ಬನಿಗೆ ಫ್ರೀ ಕೂಪನ್ನಲ್ಲೇ ಬಿದ್ದಿರುತ್ತೆ, ಇನ್ನೊಬ್ಬ ಹತ್ತು ಸಾವಿರ ಸುರಿದು ಪ್ಯಾರಾಚೂಟ್ ಸ್ಕಿನ್ನು, ಯಾವುದೋ ಹಸಿರು ಪ್ಯಾಂಟು, ಇಂಥದ್ದನ್ನೇ ಗುಡ್ಡೆ ಹಾಕ್ಕೊಂಡು ಕೂತಿರ್ತಾನೆ. ಬಿದ್ದೋನು ಸ್ಕ್ರೀನ್‌ಶಾಟ್ ಸ್ಟೇಟಸ್ ಹಾಕ್ತಾನೆ, ಬೀಳ್ದೇ ಇದ್ದೋನು ಬಾಯಿ ಬಿಡಲ್ಲ, ಹಾಗಾಗಿ ನಿನ್ ಕಣ್ಣಿಗೆ ಬರೀ ಬಿದ್ದೋರೇ ಕಾಣ್ತಾರೆ.

ಲೆಕ್ಕ ಹಾಕಿ ನೋಡೋಣ. ಪ್ರತಿ ಕ್ರೇಟ್ ಪಕ್ಕ ಒಂದು ಸಣ್ಣ ಗುಂಡಿ ಇರುತ್ತೆ, ಒತ್ತಿದ್ರೆ ಯಾವ ಐಟಂ ಬರೋ ಚಾನ್ಸು ಎಷ್ಟು ಪರ್ಸೆಂಟು ಅಂತ ಪಟ್ಟಿ ತೆರ್ಕೊಳುತ್ತೆ. ಅದನ್ನ ತೋರಿಸ್ದೇ ಮಾರೋ ಹಾಗಿಲ್ಲ, ಆಪಲ್ 2017ರಲ್ಲಿ, ಗೂಗಲ್ ಪ್ಲೇ 2019ರಲ್ಲಿ ಈ ರೂಲ್ಸ್ ತಂದಿವೆ. ನೂರಕ್ಕೆ ತೊಂಬತ್ತು ಜನ ಆ ಗುಂಡಿ ಮುಟ್ಟೋದೇ ಇಲ್ಲ ಅನ್ಸುತ್ತೆ ನಂಗೆ. ಈಗ ನಿಂಗೆ ಬೇಕಾಗಿರೋ ಐಟಮ್ಮಿಗೆ ಅಲ್ಲಿ 1% ಅಂತ ಇದೆ ಅಂದ್ಕೋ. ಎಲ್ರೂ ಏನ್ ತಿಳ್ಕೊಂತಾರೆ ಅಂದ್ರೆ ನೂರ್ ಸಲ ತೆಗೆದ್ರೆ ಒಂದ್ಸಲ ಗ್ಯಾರಂಟಿ ಅಂತ. ಇಲ್ಲ. ಒಂದ್ಸಲ ತೆಗೆದಾಗ ಬರ್ದೇ ಇರೋ ಚಾನ್ಸು 0.99, ಅದನ್ನ ನೂರ್ ಸಲ ಗುಣಿಸ್ಕೊಂಡ್ ಹೋದ್ರೆ 0.366ಕ್ಕೆ ನಿಲ್ಲುತ್ತೆ, ಅಂದ್ರೆ ನೂರ್ ನೂರ್ ಕ್ರೇಟ್ ತೆಗೆದ ನೂರ್ ಜನರಲ್ಲಿ ಸುಮಾರು 37 ಜನ ಖಾಲಿ ಕೈ. ಬಿಕಾಂ ಹುಡುಗ ನೀನು, ಕ್ಯಾಲ್ಕುಲೇಟರ್ ತಗೊಂಡು ನೀನೇ ನೋಡ್ಕೋ. ಕೆಲವು ಸ್ಪಿನ್‌ಗಳಲ್ಲಿ ಇಷ್ಟ್ ಸಲ ಆದ್ಮೇಲೆ ಕೊಟ್ಟೇ ಕೊಡ್ತೀವಿ ಅಂತಾನೂ ಇರುತ್ತೆ, ಅಂಥ ಕಡೆ ಆ ಪೂರ್ತಿ ಮೊತ್ತನೇ ಅದರ ಬೆಲೆ ಅಂತ ಓದ್ಕೋ, ಮೊದಲನೇ ಸ್ಪಿನ್ನಿಗೆ ಹಾಕಿರೋ ಡಿಸ್ಕೌಂಟ್ ರೇಟ್ ನೋಡಿ ಮರುಳಾಗ್ಬೇಡ.

ಜಾತ್ರೇಲಿ ರಿಂಗ್ ಎಸೆಯೋ ಅಂಗಡಿ ಇರುತ್ತಲ್ಲ, ಮುಂದುಗಡೆ ಸೋಪು ಬಾಚಣಿಗೆ, ಹಿಂದುಗಡೆ ಪೀಠದ ಮೇಲೆ ದೊಡ್ಡ ವಾಚು, ಅದೇ ಇದು. ಒಂದೇ ವ್ಯತ್ಯಾಸ ಏನಂದ್ರೆ ಜಾತ್ರೆ ಮೂರು ದಿನಕ್ಕೆ ಮುಗಿಯುತ್ತೆ.

ಇನ್ನೊಂದ್ ವಿಷ್ಯ, ಗ್ಲೇಸಿಯರ್ ಬಿತ್ತು ಅಂತಾನೇ ಇಟ್ಕೋ, ಅಲ್ಲಿಗೆ ಮುಗೀಲಿಲ್ಲ. ಅದು ಲೆವೆಲ್ ಏರೋ ಗನ್ನು. ನಿನ್ ಫ್ರೆಂಡ್ಸ್ ಹೊಡೆದಾಗ ಬರೋ ಸ್ಪೆಷಲ್ ಕಿಲ್ ಮೆಸೇಜು, ಸತ್ತೋನ್ ಪೆಟ್ಟಿಗೆ ಬೇರೆ ಥರ ಆಗೋದು, ಅದೆಲ್ಲ ಮೇಲಿನ ಲೆವೆಲ್‌ಗಳಲ್ಲಿ ಬರೋದು, ಅದಕ್ಕೆ ಬೇರೆ ಮೆಟೀರಿಯಲ್ ಬೇಕು, ಆ ಮೆಟೀರಿಯಲ್‌ಗೂ ಮತ್ತೆ ಯುಸಿ, ಅಂದ್ರೆ ದುಡ್ಡು ಕೊಟ್ಟು ತಗೊಳ್ಳೋ ಗೇಮಿನ ನಾಣ್ಯ.

ನಂದೊಂದು ರೂಲು: ಐಟಂ ಕೆಳಗೆ ಬೆಲೆ ಬರ್ದಿದ್ರೆ ಯೋಚ್ನೆ ಮಾಡು, ತಿರುಗ್ಸು ಅಂತ ಬರ್ದಿದ್ರೆ ಆ ಪೇಜಿಂದ ಎದ್ದು ಬಾ. ದಿನಾ ಆಡೋನಾದ್ರೆ ರಾಯಲ್ ಪಾಸ್ ತಗೋ, ಏನ್ ಸಿಗುತ್ತೆ ಅಂತ ಮೊದಲ್ನೇ ಲೆವೆಲ್ಲಿಂದ ಕೊನೇವರೆಗೂ ಎದುರಿಗೇ ಇಟ್ಟಿರ್ತಾರೆ, ಲೆವೆಲ್ ಏರಿದಂಗೆ ಸ್ವಲ್ಪ ಯುಸಿ ವಾಪಸ್ಸೂ ಬರುತ್ತೆ, ಬನಿಯನ್ ಸಮಸ್ಯೆ ಅಂತೂ ಬಗೆಹರಿಯುತ್ತೆ. ಆದ್ರೆ ಸೆಮಿಸ್ಟರ್ ಎಕ್ಸಾಂ ತಿಂಗಳಲ್ಲಿ ತಗೋಬೇಡ ಮಾರಾಯ, ದುಡ್ಡು ಕೊಟ್ಟಿದೀನಲ್ಲ ಲೆವೆಲ್ ಮುಗಿಸ್ಬೇಕು ಅಂತ ರಾತ್ರಿ ಎರಡಕ್ಕೆ ಮಿಷನ್ ಮಾಡ್ತಾ ಕೂತಿರ್ತೀಯ.

ಪ್ರಶ್ನೆ: ಸರ, ಗನ್ ಸ್ಕಿನ್ ಹಾಕಿದ್ರ ಡ್ಯಾಮೇಜ್ ಜಾಸ್ತಿ ಆಗ್ತೈತಿ ಅಂತ ನಮ್ ಗೆಳ್ಯಾ ಹೇಳ್ತಾನ. ಖರೆ ಏನ್ರೀ? (ಹುಬ್ಬಳ್ಳಿ)

ಉತ್ತರ: ನಿಮ್ ಗೆಳೆಯ ಯಾವ ಗೇಮ್ ಆಡ್ತಾರೆ ಅನ್ನೋದ್ರ ಮೇಲೆ ಇದೆ ರೀ. ಫ್ರೀ ಫೈರ್ ಆಡೋರಾದ್ರೆ ಅವ್ರು ಹೇಳಿದ್ದು ಖರೇನೇ. ಅಲ್ಲಿ ಗನ್ ಸ್ಕಿನ್ ಜೊತೆ ಡ್ಯಾಮೇಜು, ರೇಂಜು, ರಿಲೋಡ್ ಸ್ಪೀಡು ಇವು ಸ್ವಲ್ಪ ಮೇಲೆ ಕೆಳಗೆ ಆಗುತ್ತೆ, ಒಂದು ಏರಿದ್ರೆ ಇನ್ನೊಂದು ಇಳಿಯುತ್ತೆ, ಸ್ಕಿನ್ ಪಕ್ಕದಲ್ಲೇ ಪಟ್ಟಿ ತೋರಿಸಿರ್ತಾರೆ. ಅದನ್ನ ಬರೀ ಅಲಂಕಾರ ಅಂತ ಕರೆಯೋದು ನನ್ ಪ್ರಕಾರ ಸರಿಯಿಲ್ಲ. ಬಿಜಿಎಂಐ, ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ ಇವುಗಳಲ್ಲಿ ಹಾಗಿಲ್ಲ, ಗುಂಡು ಅದೇ, ರಿಕಾಯಿಲ್ (ಹೊಡೆದಾಗ ಗನ್ ಎಗರೋದು) ಅದೇ. ಗ್ಲೇಸಿಯರ್ ಹಾಕಿದ್ರೆ ರಿಕಾಯಿಲ್ ಕಮ್ಮಿ ಅನ್ನೋರು ಸಾವಿರ ಜನ ಸಿಗ್ತಾರೆ, ಅಷ್ಟು ದುಡ್ಡು ಹಾಕಿದ್ಮೇಲೆ ಕೈ ಸ್ವಲ್ಪ ಹುಷಾರಾಗಿ ಆಡುತ್ತೆ, ಅಷ್ಟೇ.

ಆದ್ರೂ ಬಣ್ಣದಿಂದ ಲಾಭ ಆಗೋದೇ ಇಲ್ಲ ಅಂತಾನೂ ಇಲ್ಲ. ಕಾಲ್ ಆಫ್ ಡ್ಯೂಟಿ ವಾರ್‌ಝೋನಲ್ಲಿ ರೋಝ್ ಅನ್ನೋ ಪಾತ್ರಕ್ಕೆ ತಲೆಯಿಂದ ಕಾಲವರೆಗೆ ಕಡುಗಪ್ಪು ಡ್ರೆಸ್ಸಿತ್ತು, ಅದನ್ನ ಹಾಕ್ಕೊಂಡು ಕತ್ತಲೆ ಮೂಲೇಲಿ ನಿಂತ್ರೆ ಎದುರಿಗೆ ಬಂದೋನಿಗೆ ಕಾಣ್ತಾನೇ ಇರ್ಲಿಲ್ಲ. ಜನ ಬೊಬ್ಬೆ ಹೊಡೆದ್ಮೇಲೆ 2021ರಲ್ಲಿ ಕಂಪನಿ ಆ ಡ್ರೆಸ್ಸನ್ನ ಸ್ವಲ್ಪ ಬೆಳ್ಳಗೆ ಮಾಡ್ಬೇಕಾಯ್ತು.

ಪ್ರಶ್ನೆ: ನಮ್ಮ ಮಗನಿಗೆ 14 ವರ್ಷ. ನನ್ನ ಫೋನಲ್ಲಿ ಗೇಮ್ ಆಡ್ತಾ ಆಡ್ತಾ ಮೂರು ಸಲ ಡೈಮಂಡ್ (ಗೇಮಿನ ನಾಣ್ಯ) ತಗೊಂಡಿದ್ದಾನೆ, ನಾಲ್ಕು ಸಾವಿರದ ಮೇಲೆ ಹೋಗಿದೆ. ಬೈದ್ರೆ ಅಳ್ತಾನೆ, ಸ್ಕೂಲಲ್ಲಿ ಎಲ್ರೂ ಡಿಫಾಲ್ಟು (ಸ್ಕಿನ್ ಇಲ್ದೋನು) ಅಂತ ಆಡ್ಕೊಂತಾರಂತೆ. ದುಡ್ಡು ವಾಪಸ್ ಬರುತ್ತಾ? ಇನ್ಮುಂದೆ ಏನ್ ಮಾಡೋದು? (ಹಾಸನ)

ಉತ್ತರ: ಅಮ್ಮಾ, ಮೊದಲು ದುಡ್ಡಿನ ಮಾತು. ತಗೊಂಡು 48 ಗಂಟೆ ಒಳಗಾಗಿದ್ರೆ ಗೂಗಲ್ ಪ್ಲೇ ತೆಗೀರಿ, ಮೇಲೆ ನಿಮ್ಮ ಫೋಟೋ ಇರೋ ಗುಂಡಿ, ಅದರೊಳಗೆ ಪೇಮೆಂಟ್ಸ್, ಅದರೊಳಗೆ ಬಜೆಟ್ ಮತ್ತು ಹಿಸ್ಟರಿ, ಅಲ್ಲಿ ಪ್ರತಿ ಖರೀದಿನೂ ಕಾಣುತ್ತೆ. ಗೂಗಲ್‌ನ ರಿಫಂಡ್ ಪುಟಕ್ಕೆ ಹೋಗಿ ಮಗು ಕೇಳ್ದೇ ತಗೊಂಡಿದ್ದು ಅಂತ ಕಾರಣ ಕೊಟ್ಟು ಅರ್ಜಿ ಹಾಕಿ. ಎರಡು ದಿನ ದಾಟಿದ್ರೆ ಗೇಮ್ ಕಂಪನಿಗೇ ಬರೀಬೇಕು, ಅವ್ರು ಕೊಡ್ಬಹುದು, ಕೊಡ್ದೇನೂ ಇರ್ಬಹುದು, ಮೂರನೇ ಖರೀದಿ ತೀರಾ ಈಚೆಗಿನದ್ದಾದ್ರೆ ಅದಾದ್ರೂ ಬರೋ ಸಾಧ್ಯತೆ ಇದೆ, ಹಾಗಾಗಿ ಇದನ್ನ ಓದಿದ ತಕ್ಷಣ ಫೋನ್ ಕೈಗೆ ತಗೊಳ್ಳಿ. ದುಡ್ಡು ವಾಪಸ್ ಬಂದ್ರೆ ಡೈಮಂಡ್ ಕಿತ್ಕೊಂತಾರೆ, ಕೆಲವು ಸಲ ಅಕೌಂಟೇ ನಿಲ್ಲಿಸ್ತಾರೆ, ಮಗನಿಗೆ ಮೊದಲೇ ಹೇಳಿಡಿ, ಇಲ್ದಿದ್ರೆ ಅದಕ್ಕೊಂದು ರಂಪ ಆಗುತ್ತೆ.

ಇನ್ಮುಂದೆ ಮಾಡೋದು ಸುಲಭ ಇದೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿ, ಸೇವ್ ಆಗಿರೋ ಕಾರ್ಡು ಯುಪಿಐ ಎರಡೂ ತೆಗೆದುಹಾಕಿ, ಪಿನ್ ಬದಲಾಯಿಸಿ. ಪಿನ್ ಅವನಿಗೆ ಹೇಗೆ ಗೊತ್ತಾಯ್ತು ಅಂತ ಕೇಳ್ಬೇಡಿ, ನಿಮ್ಮ ಪಕ್ಕ ತರಕಾರಿ ಅಂಗಡೀಲಿ ನಿಂತಿದ್ದಾಗ್ಲೇ ನೋಡಿರ್ತಾನೆ. ಆಟಕ್ಕೆ ದುಡ್ಡು ಕೊಡೋದೇ ಆದ್ರೆ ಹುಟ್ಟಿದ ಹಬ್ಬಕ್ಕೊಂದು ಗೂಗಲ್ ಪ್ಲೇ ಗಿಫ್ಟ್ ಕೋಡ್ ಕೊಡಿ, ಅದು ಖಾಲಿಯಾದ್ರೆ ಖಾಲಿ. ಕಂಪನಿಗಳೂ ಮಿತಿ ಇಡ್ತವೆ, ಬಿಜಿಎಂಐ 2021ರಲ್ಲಿ ಬಂದಾಗ 18ರ ಒಳಗಿನೋರಿಗೆ ದಿನಕ್ಕೆ 3 ಗಂಟೆ ಆಟ, ದಿನಕ್ಕೆ ₹7,000 ಖರ್ಚು ಅಂತ ಮಿತಿ ಹಾಕಿತ್ತು. ದಿನಕ್ಕೆ ಏಳು ಸಾವಿರ! ಆ ಮಿತಿ ಯಾವ ಮನೆ ಮಗುನ ಕಾಪಾಡುತ್ತೋ ಗೊತ್ತಿಲ್ಲ, ಅದೂ ಮಕ್ಕಳು ವಯಸ್ಸು ನಿಜ ಹೇಳಿದ್ರೆ ತಾನೇ.

ತಪ್ಪೆಲ್ಲ ಮಗಂದೇ ಅಂತಾನೂ ತಿಳ್ಕೋಬೇಡಿ. ಫೋರ್ಟ್‌ನೈಟ್ ಮಾಡೋ ಎಪಿಕ್ ಗೇಮ್ಸ್ ಕಂಪನಿ ಮೇಲೆ ಅಮೆರಿಕಾದ ಗ್ರಾಹಕರ ರಕ್ಷಣೆ ನೋಡ್ಕೊಳ್ಳೋ ಸಂಸ್ಥೆ ಎಫ್‌ಟಿಸಿ ಕೇಸ್ ಹಾಕಿ, 2022ರ ಡಿಸೆಂಬರಲ್ಲಿ ಒಟ್ಟು 52 ಕೋಟಿ ಡಾಲರ್ ಕಟ್ಟೋಕೆ ಕಂಪನಿ ಒಪ್ಕೊಳ್ತು. ಅದ್ರಲ್ಲಿ 24.5 ಕೋಟಿ ಡಾಲರ್ ಬರೀ ಇದಕ್ಕೇ, ಗುಂಡಿಗಳನ್ನ ಗೊಂದಲ ಆಗೋ ಹಾಗೆ ಇಟ್ಟು ಒಂದೇ ಒತ್ತಿಗೆ ದುಡ್ಡು ಹೋಗೋ ಥರ ಮಾಡಿದ್ದಕ್ಕೆ, ಅಪ್ಪ ಅಮ್ಮನ ಒಪ್ಪಿಗೆ ಕೇಳ್ದೇ ಮಕ್ಕಳ ಕೈಲಿ ಕೊಳ್ಳಿಸಿದ್ದಕ್ಕೆ ಜನಕ್ಕೆ ವಾಪಸ್ ಕೊಡ್ಬೇಕಾದ ದುಡ್ಡು. ದೊಡ್ಡೋರೇ ಎಡವೋ ಜಾಗದಲ್ಲಿ ಎಂಟನೇ ಕ್ಲಾಸ್ ಹುಡುಗ ಏನ್ ಮಾಡ್ತಾನೆ.

ಡಿಫಾಲ್ಟು ಅಂತ ಆಡ್ಕೊಳ್ಳೋದು ಮಾತ್ರ ನಿಜವಾದ ನೋವು, ಅದನ್ನ ಸಣ್ಣದು ಅನ್ಬೇಡಿ. ಹಣ ಕೊಡ್ದೇ ಈವೆಂಟುಗಳಲ್ಲಿ ಆಡಿ ಗಳಿಸೋ ಡ್ರೆಸ್ಸುಗಳೂ ಎಷ್ಟೋ ಗೇಮಲ್ಲಿ ಇರ್ತವೆ, ಒಂದ್ ಭಾನುವಾರ ಪಕ್ಕ ಕೂತು ಅಂಥದ್ದೊಂದನ್ನ ಹುಡುಕಿಸಿ.

ಪ್ರಶ್ನೆ: ವ್ಯಾಲೊರಂಟಲ್ಲಿ ರೇಟ್ ಫಿಕ್ಸ್ ಇರುತ್ತಲ್ಲ ಸರ್, ಸ್ಪಿನ್ ಗಿನ್ ಏನಿಲ್ಲ. ಹಾಸ್ಟೆಲಲ್ಲಿ ನಾವು ನಾಲ್ಕು ಜನ ಹುಡುಗೀರು ಆಡ್ತೀವಿ. ವ್ಯಾಂಡಲ್ ಗನ್ನಿನ ಸ್ಕಿನ್ ಒಂದು ತಗೊಳ್ಳೋಣ ಅಂತಿದೀನಿ, 1775 ವಿಪಿ (ಅಲ್ಲಿನ ನಾಣ್ಯ). ತಗೊಳ್ಲಾ ಅಥವಾ ಆಗಾಗ ಬರೋ ಡಿಸ್ಕೌಂಟ್ ಸೇಲ್ ನೈಟ್ ಮಾರ್ಕೆಟ್‌ವರೆಗೂ ಕಾಯ್ಲಾ? (ಮಣಿಪಾಲ)

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ತಗೊಳ್ಳಿ ಅಂತ ಧೈರ್ಯವಾಗಿ ಹೇಳ್ಬಹುದಾದ್ದು ಇದೊಂದೇ. ವ್ಯಾಂಡಲ್ ಹೆಚ್ಚುಕಮ್ಮಿ ಪ್ರತಿ ರೌಂಡಲ್ಲೂ ಕೈಲಿರೋ ಗನ್ನು, ದಿನಾ ಆಡೋರಿಗೆ ವರ್ಷಗಟ್ಲೆ ಕಣ್ಣೆದುರಿಗಿರುತ್ತೆ. ಅಪರೂಪಕ್ಕೆ ಕೈಗೆ ಬರೋ ಓಡಿನ್ ಗನ್ನಿಗೋ ಬಕ್ಕಿ ಗನ್ನಿಗೋ ಸ್ಕಿನ್ ಹಾಕೋರು ಇದಾರೆ, ಅವರಿಗೆ ನನ್ ನಮಸ್ಕಾರ.

ಆದ್ರೆ ಸ್ಪಿನ್ ಇಲ್ಲ ಅಂದ ಮಾತ್ರಕ್ಕೆ ಕಂಪನಿಯೋರು ಸುಮ್ನೆ ಕೂತಿಲ್ಲ. ನಿಮ್ಮ ಸ್ಟೋರಲ್ಲಿ ದಿನಕ್ಕೆ ನಾಲ್ಕೇ ಸ್ಕಿನ್ನು, 24 ಗಂಟೆ ಆದ್ಮೇಲೆ ಬದಲು. ಬೇಕಾಗಿರೋದು ಇವತ್ತು ಬಂತು ಅಂದ್ರೆ ಮತ್ತೆ ಯಾವಾಗ ಬರುತ್ತೋ ಅನ್ನೋ ದಿಗಿಲು, ಕೆಳಗೆ ಗಡಿಯಾರ ಓಡ್ತಿರುತ್ತೆ, ಆ ದಿಗಿಲೇ ಅವರ ಸೇಲ್ಸ್‌ಮ್ಯಾನು. ಆಮೇಲೆ ವಿಪಿ ಪ್ಯಾಕು. 1775 ಬೇಕು ಅಂದ್ರೆ 1775 ಕೊಡಲ್ಲ, 2050ರ ಪ್ಯಾಕ್ ತಗೋಬೇಕು, 275 ಉಳಿಯುತ್ತೆ, ಅದ್ರಲ್ಲಿ ಒಂದು ಸ್ಕಿನ್ನೂ ಬರಲ್ಲ, ಸುಮ್ನೆ ಬಿಡೋಕೂ ಮನಸ್ಸಿಲ್ಲ, ಮುಂದಿನ್ ಸಲ ಪ್ಯಾಕ್ ತಗೊಳ್ಳೋಕೆ ಅದೇ ನೆಪ. ಮತ್ತೆ ಆ ಸ್ಕಿನ್ನಿನ ಅನಿಮೇಷನ್ನು, ಬೇರೆ ಬಣ್ಣ ಇವನ್ನ ತೆರೆಯೋಕೆ ರೇಡಿಯನೈಟ್ ಅಂತ ಇನ್ನೊಂದು ನಾಣ್ಯ. ಬ್ಯಾಟಲ್ ಪಾಸ್ 1000 ವಿಪಿ, ಅದ್ರಲ್ಲಿ ರೇಡಿಯನೈಟ್ ಸಿಗುತ್ತೆ, ಹಾಗಾಗಿ ಸ್ಕಿನ್ ತಗೊಂಡ ತಿಂಗಳೇ ಅದಕ್ಕೆ ದುಡ್ಡು ಸುರೀಬೇಡಿ, ಪಾಸ್ ತಗೊಂಡಾಗ ನಿಧಾನಕ್ಕೆ ಬರ್ಲಿ.

ನೈಟ್ ಮಾರ್ಕೆಟಲ್ಲಿ ನಿಮ್ಮ ಹೆಸರಿಗೆ ಆರು ಕಾರ್ಡು ತೆರ್ಕೊಳುತ್ತೆ, ಒಂದೊಂದಕ್ಕೂ ಬೇರೆ ಬೇರೆ ಡಿಸ್ಕೌಂಟು. ನಿಮಗೆ ಇಂಥದ್ದೇ ವ್ಯಾಂಡಲ್ ಬೇಕು ಅಂದ್ರೆ ಅದನ್ನ ನಂಬ್ಕೊಂಡ್ ಕೂರ್ಬೇಡಿ, ಬರೋ ಆರರಲ್ಲಿ ಅದಿರ್ಬೇಕಲ್ಲ. ಯಾವುದಾದ್ರೂ ಒಳ್ಳೇದು ಸಾಕು ಅನ್ನೋರಾದ್ರೆ ಕಾಯಿರಿ. ಇನ್ನೊಂದು, ಹಾಸ್ಟೆಲಲ್ಲಿ ನಾಲ್ಕು ಜನ ಆಡ್ತೀರಿ ಅಂದ್ರಲ್ಲ, ಒಬ್ಬರು ಒಳ್ಳೇ ವ್ಯಾಂಡಲ್ ತಗೊಂಡು ರೌಂಡ್ ಶುರುವಾಗೋ ಮುಂಚೆ ಗನ್ ಕೊಳ್ಳೋ ಬೈ ಫೇಸಲ್ಲಿ ಕೆಳಗೆ ಹಾಕಿದ್ರೆ ಇನ್ನೊಬ್ಬರು ಎತ್ಕೋಬಹುದು, ಸ್ಕಿನ್ ಜೊತೆಗೇ ಬರುತ್ತೆ. ನಾಲ್ಕು ಜನ ನಾಲ್ಕು ಬೇರೆ ಗನ್ನಿಗೆ ತಗೊಂಡ್ರೆ ನಾಲ್ಕೂ ಎಲ್ರಿಗೂ ಆಯ್ತು.

ಪ್ರಶ್ನೆ: ನಾನು ಐಟೀಲಿದೀನಿ. ಕೌಂಟರ್ ಸ್ಟ್ರೈಕ್ 2ರ ಚಾಕು ಸ್ಕಿನ್‌ಗಳು ವರ್ಷ ವರ್ಷ ರೇಟ್ ಏರ್ತವೆ, ಮ್ಯೂಚುವಲ್ ಫಂಡಿಗಿಂತ ವಾಸಿ ಅಂತ ಆಫೀಸಲ್ಲಿ ಒಬ್ಬರು ಹೇಳ್ತಾರೆ. ಹೂಡಿಕೆ ಥರ ನೋಡ್ಬಹುದಾ? (ಬೆಂಗಳೂರು)

ಉತ್ತರ: ಅವರು ಹೇಳಿದ್ದು 2025ರ ಅಕ್ಟೋಬರ್‌ಗಿಂತ ಮೊದಲಾ ಆಮೇಲಾ ಕೇಳಿ ನೋಡಿ. 2013ರ ಆಗಸ್ಟಲ್ಲಿ ಕೌಂಟರ್ ಸ್ಟ್ರೈಕಿಗೆ ಸ್ಕಿನ್ ಬಂದಾಗಿಂದ ಚಾಕು ಅಪರೂಪದ ಮಾಲು, ಕೇಸ್ (ಅಲ್ಲಿನ ಕ್ರೇಟು) ತೆಗೆದಾಗ ಬಿದ್ರೆ ಬಿತ್ತು. 2017ರಲ್ಲಿ ಚೀನಾ ಸರ್ಕಾರ ಚಾನ್ಸ್ ಎಷ್ಟು ಅಂತ ಬಹಿರಂಗ ಮಾಡ್ಲೇಬೇಕು ಅಂದಾಗ ಗೊತ್ತಾಗಿದ್ದು, ಚಾಕು ಬೀಳೋದು 0.26%, ಅಂದ್ರೆ ಸುಮಾರು 385ಕ್ಕೆ ಒಂದು. ಕೇಸ್ ತೆಗೆಯೋ ಒಂದು ಕೀ 2.49 ಡಾಲರ್, 385 ಕೀ ಅಂದ್ರೆ 950 ಡಾಲರ್ ಮೇಲೆ, ನಮ್ಮ ದುಡ್ಡಲ್ಲಿ ಎಂಬತ್ತು ಸಾವಿರ ದಾಟುತ್ತೆ, ಕೇಸಿನ ಬೆಲೆ ಬೇರೆ. ಅದೂ ಸರಾಸರಿ ಲೆಕ್ಕ, ಮೇಲೆ ದಾವಣಗೆರೆ ಹುಡುಗನಿಗೆ ಹೇಳಿದ್ದು ಇಲ್ಲೂ ಅನ್ವಯ. ಕೇಸ್ ತೆಗೆದಾಗ ಸಾಲಾಗಿ ಗನ್ನುಗಳು ಓಡ್ಕೊಂಡ್ ಬಂದು, ಹಳದಿ ಬಣ್ಣದ ಚಾಕು ಮಧ್ಯದ ಗೆರೆ ಪಕ್ಕದಲ್ಲೇ ಕೂದಲೆಳೆ ಅಂತರದಲ್ಲಿ ದಾಟಿ ಹೋಗುತ್ತಲ್ಲ, ಅಯ್ಯೋ ಸ್ವಲ್ಪದ್ರಲ್ಲಿ ತಪ್ತು ಅಂತ ಎದೆ ಧಸಕ್ ಅನ್ನುತ್ತಲ್ಲ, ಅದು ಬರೀ ಪಿಕ್ಚರ್ರು. ಏನ್ ಬರುತ್ತೆ ಅನ್ನೋದು ಸರ್ವರಲ್ಲಿ ಮೊದಲೇ ತೀರ್ಮಾನ ಆಗಿರುತ್ತೆ, ಸ್ವಲ್ಪದ್ರಲ್ಲಿ ತಪ್ಪೋಕೆ ಅಲ್ಲೇನೂ ಇರಲ್ಲ.

2025ರ ಅಕ್ಟೋಬರಲ್ಲಿ ಕೌಂಟರ್ ಸ್ಟ್ರೈಕ್ ಮಾಡೋ ವಾಲ್ವ್ ಕಂಪನಿ ಒಂದು ಅಪ್‌ಡೇಟ್ ಬಿಡ್ತು. ಐದು ಕೆಂಪು ದರ್ಜೆ (ಚಾಕುಗಿಂತ ಒಂದು ಮೆಟ್ಟಿಲು ಕೆಳಗಿನ) ಸ್ಕಿನ್ ಕೊಟ್ಟು ಒಂದು ಚಾಕು ಅಥವಾ ಗ್ಲೌಸ್ ತಗೋಬಹುದು ಅಂತ. ಅಷ್ಟೇ ಮಾಡಿದ್ದು. ಚಾಕುಗಳ ರೇಟ್ ರಾತ್ರೋರಾತ್ರಿ ನೆಲಕಚ್ತು, ಕೆಂಪು ಸ್ಕಿನ್‌ಗಳದ್ದು ಜಿಗೀತು, ಇಡೀ ಸ್ಕಿನ್ ಮಾರ್ಕೆಟಿನ ಮೌಲ್ಯದಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚು ಆವಿಯಾಯ್ತು. ಯಾವ ನೋಟಿಸೂ ಇಲ್ಲ, ದೂರು ಕೊಡೋಕೆ ಸೆಬಿ ಥರ ಯಾರೂ ಇಲ್ಲ. ಮಾಲು ಎಷ್ಟಿರ್ಬೇಕು ಅನ್ನೋದನ್ನ ಮಾರೋ ಕಂಪನಿನೇ ಒಂದು ಸಾಲು ಕೋಡಲ್ಲಿ ಬದಲಾಯಿಸ್ಬಹುದು ಅಂದ್ಮೇಲೆ ಅದನ್ನ ಹೂಡಿಕೆ ಅಂತ ಹೇಗೆ ಕರೀತೀರಿ?

ಮಾರಿದ್ರೂನೂ ವಾಲ್ವ್ ಕಂಪನಿಯದ್ದೇ ಆದ ಸ್ಟೀಮ್ ಮಾರ್ಕೆಟಲ್ಲಿ 15% ಕಮಿಷನ್ ಹೋಗುತ್ತೆ, ಉಳಿದಿದ್ದು ಸ್ಟೀಮ್ ವಾಲೆಟಿಗೆ ಬೀಳುತ್ತೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ ಬರಲ್ಲ, ಇನ್ನೊಂದು ಗೇಮ್ ತಗೋಬಹುದು ಅಷ್ಟೇ. ನಗದು ಬೇಕು ಅಂದ್ರೆ ಹೊರಗಿನ ಸೈಟುಗಳಿಗೆ ಹೋಗ್ಬೇಕು, ಅಲ್ಲಿ ಮೋಸ ಆದ್ರೆ ವಾಲ್ವ್ ಕೈ ತೊಳ್ಕೊಳುತ್ತೆ. ಆದ್ರೆ ಆಡೋಕೆ ಅಂತ ಒಂದು ಎಕೆ ಸ್ಕಿನ್ ಬೇಕಾ, ಕೇಸ್ ಮುಟ್ಟಬೇಡಿ, ಮಾರ್ಕೆಟಲ್ಲಿ ಬೇಕಾದ್ದೇ ನೇರವಾಗಿ ತಗೊಳ್ಳಿ, ನೂರಿನ್ನೂರು ರೂಪಾಯಿಗೆ ಚೆನ್ನಾಗಿರೋವೇ ಇವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೊಮ್ಮಗ ತೋರಿಸಿದ ಈ ಕ್ರೇಟು ಎಂಬುದು ಅಪ್ಪಟ ಜೂಜಿನಂತೆ ಕಂಡಿತು. ಆನ್‌ಲೈನ್ ಜೂಜನ್ನು ಸರ್ಕಾರ ನಿಷೇಧಿಸಿದೆಯಲ್ಲ, ಇದಕ್ಕೆ ಅದು ಅನ್ವಯಿಸುವುದಿಲ್ಲವೇ? (ಶಿವಮೊಗ್ಗ)

ಉತ್ತರ: ಮೇಷ್ಟ್ರೇ, ನಿಮ್ಮ ಕಣ್ಣಿಗೆ ಕಂಡಿದ್ದೇ ಬೆಲ್ಜಿಯಂ ಸರ್ಕಾರಕ್ಕೂ ಕಂಡಿತ್ತು. 2018ರಲ್ಲಿ ಅಲ್ಲಿನ ಜೂಜು ಆಯೋಗ ದುಡ್ಡು ಕೊಟ್ಟು ತೆಗೆಯೋ ಇಂಥ ಪೆಟ್ಟಿಗೆಗಳು ಜೂಜೇ ಅಂತ ಹೇಳ್ತು, ಕೌಂಟರ್ ಸ್ಟ್ರೈಕು, ಓವರ್‌ವಾಚು ಅಲ್ಲಿನ ಆಟಗಾರರಿಗೆ ಪೆಟ್ಟಿಗೆ ಮಾರೋದು ನಿಲ್ಲಿಸಿದ್ವು. ನಮ್ಮಲ್ಲಿ 2025ರ ಆಗಸ್ಟಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಗುರಿ ಇಟ್ಟಿರೋದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳ ಮೇಲೆ, ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಥರದ್ದು. ಕ್ರೇಟಲ್ಲಿ ಗೆಲ್ಲೋದು ದುಡ್ಡಲ್ಲವಲ್ಲ, ಬಣ್ಣ, ಅದೂ ಬಿಜಿಎಂಐಯಂಥವುಗಳಲ್ಲಿ ಮತ್ತೆ ಮಾರೋ ಹಾಗೂ ಇಲ್ಲ. ಹಾಗಾಗಿ ಕಾಯ್ದೆ ಬಂದ್ಮೇಲೂ ಕ್ರೇಟುಗಳು ನಡೀತಾನೇ ಇವೆ. ನನ್ನ ಕೇಳಿದ್ರೆ, ದುಡ್ಡು ವಾಪಸ್ ಬರೋ ಸಾಧ್ಯತೆನೇ ಇಲ್ಲದ ಜೂಜು ಇನ್ನೂ ಕೆಟ್ಟ ಜೂಜು.

ಪ್ರಶ್ನೆ: ಗೇಮೇ ಬಂದ್ ಆದ್ರೆ ತಗೊಂಡಿರೋದೆಲ್ಲ ಏನಾಗುತ್ತೆ? (ಕುಂದಾಪುರ)

ಉತ್ತರ: ಹೋಯ್ತು ಅಂತ ತಿಳ್ಕೊಳ್ಳಿ. ಅಪೆಕ್ಸ್ ಲೆಜೆಂಡ್ಸ್ ಮೊಬೈಲ್ 2022ರ ಮೇನಲ್ಲಿ ಬಂತು, ವರ್ಷ ತುಂಬೋ ಮುಂಚೆ 2023ರ ಮೇ 1ಕ್ಕೆ ಬಾಗಿಲು ಹಾಕ್ತು, ಹಾಕಿದ ದುಡ್ಡಿಗೆ ರಿಫಂಡ್ ಇಲ್ಲ ಅಂತ ಕಂಪನಿ ಮೊದಲೇ ಹೇಳಿಬಿಡ್ತು. ನಮ್ಮ ಪಬ್‌ಜಿಯೋರು ಪುಣ್ಯವಂತರು, 2020ರ ಸೆಪ್ಟೆಂಬರಲ್ಲಿ ಬ್ಯಾನ್ ಆಯ್ತು, ಮುಂದಿನ ವರ್ಷ ಬಿಜಿಎಂಐ ಬಂದಾಗ ಹಳೇ ಅಕೌಂಟಿನ ಸ್ಕಿನ್ನುಗಳನ್ನ ಅಲ್ಲಿಗೆ ಸಾಗಿಸೋ ಅವಕಾಶ ಕೊಟ್ರು. ಆ ಬಿಜಿಎಂಐನೂ 2022ರ ಜುಲೈಯಲ್ಲಿ ಸ್ಟೋರಿಂದ ಮಾಯ ಆಗಿ ವಾಪಸ್ ಬಂದಿದ್ದು 2023ರ ಮೇನಲ್ಲಿ. ಹಾಕೋ ದುಡ್ಡನ್ನ ಈ ಆರು ತಿಂಗಳ ಖುಷಿಗೆ ಅಂತ ಲೆಕ್ಕ ಹಾಕಿ ನೋಡಿ, ಅಷ್ಟಕ್ಕೇ ವರ್ತ್ ಅನ್ಸಿದ್ರೆ ಮಾತ್ರ ತಗೊಳ್ಳಿ.

ಪ್ರಶ್ನೆ: ಐದು ವರ್ಷದಿಂದ ಫ್ರೀಯಾಗೇ ಆಡ್ತಿದೀನಿ, ಏನೂ ಕೊಳ್ಳಲ್ಲ. ಮಾಡಿದೋರಿಗೆ ಅನ್ಯಾಯ ಮಾಡ್ತಿದೀನಾ ಅನ್ಸುತ್ತೆ ಒಂದೊಂದ್ಸಲ. (ಮೈಸೂರು)

ಉತ್ತರ: ಎಷ್ಟು ಒಳ್ಳೇ ಮನುಷ್ಯ ರೀ ನೀವು! ಬಿಜಿಎಂಐನ ಎರಾಂಗಲ್ ಮ್ಯಾಪಿಗೆ ನೂರು ಜನ ಇಳೀಬೇಕು, ದುಡ್ಡು ಕೊಡೋರು ಅಷ್ಟಿರಲ್ಲ. ಮೈಮೇಲೆ ಬೆಂಕಿ ಹತ್ತಿರೋ ಡ್ರೆಸ್ ಹಾಕ್ಕೊಂಡೋನಿಗೆ ನೋಡೋಕೂ ಹೊಡೆಯೋಕೂ ನಮ್ಮಂಥೋರು ಬೇಕು. ನಿಮ್ಮ ಪಾಲು ನೀವು ಕೊಡ್ತಾನೇ ಇದೀರಿ, ನಿಶ್ಚಿಂತೆಯಾಗಿ ಆಡಿ.

ಪ್ರಶ್ನೆ: ಟೆಲಿಗ್ರಾಂನಲ್ಲಿ ಒಬ್ಬ ಅರ್ಧ ರೇಟಿಗೆ ಯುಸಿ ಕೊಡ್ತೀನಿ ಅಂತಿದಾನೆ, ಐಡಿ ಪಾಸ್‌ವರ್ಡ್ ಕೊಟ್ರೆ ಸಾಕಂತೆ. (ತುಮಕೂರು)

ಉತ್ತರ: ಕೊಡ್ಬೇಡಿ. ಪಾಸ್‌ವರ್ಡ್ ಕೇಳಿದೋನು ಯುಸಿ ಹಾಕೋಕೆ ಕೇಳಿಲ್ಲ, ಅಕೌಂಟ್ ಎತ್ತೋಕೆ ಕೇಳಿದಾನೆ, ಯುಸಿ ಹಾಕೋಕೆ ನಿಮ್ಮ ಪಾತ್ರದ ನಂಬರ್ ಒಂದೇ ಸಾಕು. ಕೆಲವರು ನಿಜವಾಗ್ಲೂ ಹಾಕ್ತಾರೆ, ಕದ್ದ ಕಾರ್ಡಲ್ಲಿ ತಗೊಂಡಿದ್ದು, ಕಾರ್ಡಿನ ಮಾಲೀಕ ಬ್ಯಾಂಕಿಗೆ ದೂರು ಕೊಟ್ಟ ಮೇಲೆ ಯುಸಿ ಮೈನಸ್ಸಿಗೆ ಹೋಗುತ್ತೆ ಅಥವಾ ಅಕೌಂಟ್ ಬ್ಯಾನ್ ಆಗುತ್ತೆ. ಈಗಾಗ್ಲೇ ಕೊಟ್ಟಿದ್ರೆ ಇವತ್ತೇ ಪಾಸ್‌ವರ್ಡ್ ಬದಲಾಯಿಸಿ, ಲಿಂಕ್ ಆಗಿರೋ ಜಿಮೇಲ್ ಮತ್ತೆ ಫೋನ್ ನಂಬರ್ ನಿಮ್ಮದೇನಾ ನೋಡ್ಕೊಳ್ಳಿ, ದುಡ್ಡೂ ಹೋಗಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.